ಉಣ್ಣೆಯ ನಾಯಿ

ನಾವು ವಾಸವಾಗಿರುವ ಕಟ್ಟಡದ ಲಿಫ್ಟಿನೊಳಗೆ ಕಳೆದ ವೈಶಾಖದ ಒಂದು ಮಧ್ಯಾಹ್ನ, ನಾಲ್ಕನೆಯ ಅಂತಸ್ತಿನವರು ಹೊಸದಾಗಿ ತಂದು ಸಾಕಿಕೊಂಡಿರುವ ಪಗ್ ನಾಯಿಯೊಂದು ನನ್ನ ಕಾಲ ಬಳಿಯಲ್ಲಿ ಕುಳಿತು ಉಸಿರೆಳೆಯುತ್ತಿದ್ದ ಸದ್ದನ್ನು ಕೇಳಿ, ಕುಲುಮೆಯ ತಿದಿಯ ತೊಗಲೆಲ್ಲೋ ಹರಿದು ಗಾಳಿ ಸೋರುತ್ತಿರುವಂತೆ ನನಗೆ ಭಾಸವಾಯಿತು. "ನಾಯಿಗೆ ಮೈ ಸರಿಯಿಲ್ಲವೇನಮ್ಮ?" ಎಂದು ವಿಚಾರಿಸಿದೆನು. ಪಟ್ಟಿ ಹಿಡಿದಿದ್ದ ಹುಡುಗಿ ನಕ್ಕು, "ಇಲ್ಲ ತಾತ, ಪಗ್ ಅಂದ್ರೆ ಹೀಗೇನೆ, ಯಾವಾಗ್ಲೂ ಗೊರಗೊರ ಅಂತಿರುತ್ತೆ" ಎಂದಳು. ಅವಳು ಆಡಿದ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹಾಗಲ್ಲದ ಪಗ್ಗೊಂದು ನನ್ನ ನಡುಮನೆಯ ಗೋಡೆಯ ಮೇಲೆ ಐವತ್ತು ವರ್ಷಗಳಿಂದ ಕುಳಿತಿರುವುದು.

ಆಂಗ್ಲ ಚಿತ್ರಕಾರನಾದ ವಿಲಿಯಂ ಹೋಗಾರ್ತನು 1745ರಲ್ಲಿ ತನ್ನ ಭಾವಚಿತ್ರವನ್ನು ತಾನೇ ಬರೆದುಕೊಂಡು, ಅದರ ಮುಂಭಾಗದಲ್ಲಿ ಟ್ರಂಪ್ ಎಂಬ ಹೆಸರಿನ ತನ್ನ ಪಗ್ಗನ್ನು ಕುಳ್ಳಿರಿಸಿ, ನಾಲ್ಕು ವರ್ಷಗಳ ತರುವಾಯ ಆ ಚಿತ್ರವನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದನು. ನನ್ನಲ್ಲಿರುವುದು ಆ ತಗಡಿನ ಅಚ್ಚಲ್ಲ, ಮತ್ತೊಬ್ಬ ಕೆತ್ತನೆಗಾರನು ಮುಂದೆಂದೋ ಮಾಡಿದ ನಕಲು. ಮೂಲ ತಗಡಿನ ಕಥೆಯೇ ಸ್ವಾರಸ್ಯವಾದುದು: 1763ರಲ್ಲಿ ಚರ್ಚಿಲ್ ಎಂಬ ಕವಿಯೊಬ್ಬನ ಮೇಲೆ ಕೋಪಗೊಂಡ ಹೋಗಾರ್ತನು ಅದೇ ತಗಡಿನಲ್ಲಿದ್ದ ತನ್ನ ಮುಖವನ್ನು ತಾನೇ ಉಜ್ಜಿ ಅಳಿಸಿ, ಆ ಜಾಗದಲ್ಲಿ ವೈರಿಯನ್ನು ಕರಡಿಯ ರೂಪದಲ್ಲಿ ಕೊರೆದನು, ಒಡೆಯನ ಮುಖವು ಹೋದರೂ ನಾಯಿಗೆ ಸ್ಥಾನ ತಪ್ಪಲಿಲ್ಲ. ಆ ನಾಯಿಗೆ ಮೂಗಿರುವುದು. ಮೂತಿಯೆಂದು ಕರೆಯಬಹುದಾದ, ಗಾಳಿಯನ್ನು ನಿರಾತಂಕವಾಗಿ ಒಳಗೆಳೆದುಕೊಳ್ಳಬಹುದಾದ ನೀಳವಾದ ಮೂಗು. ನೆಲದಿಂದ ಮೈಯನ್ನು ಎತ್ತಿ ಹಿಡಿದಿರುವ ಕಾಲುಗಳು. ಲಿಫ್ಟಿನ ನಾಯಿ ಅದರದೇ ವಂಶದ್ದೆಂದು ಹೇಳಿದರೆ ಟ್ರಂಪ್ ಒಪ್ಪುತ್ತಿತ್ತೋ ಇಲ್ಲವೋ.

ಆ ಸಾಯಂಕಾಲ ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆಯನ್ನು ಎಳೆಸಿ ತೆಗೆಸಿದೆನು. ಬಜೆ, ಒಣಗಿದ ಬೇವಿನ ಸೊಪ್ಪು ಮತ್ತು ಕರ್ಪೂರಗಳ ಮಿಶ್ರವಾಸನೆಯ ನಡುವೆ ಅರುವತ್ತು ವರ್ಷಗಳ ನನ್ನ ಹುಚ್ಚು ಪದರಪದರವಾಗಿ ಮಲಗಿದ್ದಿತು: ಉಕ್ಕಿನ ತಗಡಿನಿಂದ ತೆಗೆದ ಅಚ್ಚುಗಳು, ಕಲ್ಲಚ್ಚಿನ ಬಣ್ಣದ ಹಾಳೆಗಳು, ಸಿಗರೇಟು ಪೊಟ್ಟಣಗಳೊಳಗಿಂದ ಬಂದ ಚಿಕ್ಕ ಕಾರ್ಡುಗಳು, ರೇಷ್ಮೆಯಲ್ಲಿ ನೇಯ್ದ ಚಿತ್ರ, ಉಣ್ಣೆಯ ಕಸೂತಿ, ಎಲ್ಲವೂ ನಾಯಿಗಳೇ, ಎಲ್ಲವೂ ಕುಲೀನ ನಾಯಿಗಳೇ. ನನ್ನ ಮಡದಿ ಬದುಕಿದ್ದಾಗ, "ಬೀದಿ ನಾಯಿಗೆ ಒಂದು ತುತ್ತು ಅನ್ನ ಹಾಕಿದೋರಲ್ಲ, ಕಾಗದದ ನಾಯಿಗೆ ಕರ್ಪೂರ ಹಾಕ್ತೀರಿ" ಎಂದು ನೆಂಟರೆದುರಿಗೇ ಹೇಳಿಬಿಡುತ್ತಿದ್ದಳು. ಅದಕ್ಕೆ ಉತ್ತರ ಕೊಡುವ ಧೈರ್ಯವು ನನಗೆ ಎಂದೂ ಬರಲಿಲ್ಲ.

ನಾನು ಹುಟ್ಟಿದುದು ಮದ್ದೂರು ಸೀಮೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಜಾತಿಯೆಂಬುದು ಮನುಷ್ಯರಿಗೆ ಮಾತ್ರ ಮೀಸಲಾಗಿದ್ದು, ನಾಯಿಗಳಿಗೆ ಬಣ್ಣವಷ್ಟೇ ಇದ್ದಿತು. ಕರಿಯ, ಕೆಂದ ಎಂದು ಕೂಗಿದರೆ ಓಡಿಬರುತ್ತಿದ್ದ ಅವು ಹೊಸ್ತಿಲನ್ನು ದಾಟುವಂತಿರಲಿಲ್ಲ. ನಮ್ಮಜ್ಜಿ ರಾತ್ರಿ ಮಿಕ್ಕ ಮುದ್ದೆಯನ್ನು ಜಗುಲಿಯ ಕೆಳಗಿನ ಕಲ್ಲಿನ ಮೇಲಿಟ್ಟು ಕೈ ತೊಳೆದುಕೊಂಡು ಒಳಗೆ ಬರುತ್ತಿದ್ದಳು. ನಾಯಿಯೊಂದು ಚಿತ್ರದೊಳಗೆ ಕುಳಿತುಕೊಳ್ಳಬಹುದು ಎಂಬುದನ್ನು ನಾನು ಮೊದಲು ಕಂಡುದು ಶಾನುಭೋಗರ ಮನೆಯ ಗ್ರಾಮಫೋನಿನ ತಟ್ಟೆಗಳಲ್ಲಿ. ನಾಯಿ ಮಾರ್ಕಿನ ಆ ತಟ್ಟೆ ತಿರುಗುವಾಗ ನಾಯಿಯೂ ಸುತ್ತುತ್ತ ಸುತ್ತುತ್ತ ಮಸುಕಾಗಿ, ಹಾಡು ಮುಗಿದೊಡನೆ ಮತ್ತೆ ಕೊಳವೆಯ ಬಾಯಿಗೆ ಕಿವಿಗೊಟ್ಟು ಕೂರುವುದನ್ನು ನೋಡಲೆಂದೇ ನಾನು ಹೋಗುತ್ತಿದ್ದೆನು; ಹಾಡುಗಳು ಯಾವುವೆಂದು ಈಗ ನೆನಪಿಲ್ಲ. ಫ್ರಾನ್ಸಿಸ್ ಬರಾಡ್ ಎಂಬಾತನು ತೀರಿಹೋದ ತನ್ನ ಅಣ್ಣನ ನಾಯಿ ನಿಪ್ಪರನ್ನು, ಅದೂ ಸತ್ತು ಮೂರು ವರ್ಷಗಳಾದ ಮೇಲೆ, 1898ರಲ್ಲಿ ಬರೆದನೆಂದೂ, ಮೊದಲಿದ್ದ ಫೋನೋಗ್ರಾಫ್ ಯಂತ್ರದ ಮೇಲೆ ಗ್ರಾಮಫೋನನ್ನು ತಿದ್ದಿ ಬರೆದುಕೊಟ್ಟು ಚಿತ್ರಕ್ಕೂ ಅದರ ಹಕ್ಕಿಗೂ ಸೇರಿ ನೂರು ಪೌಂಡು ಪಡೆದನೆಂದೂ ನಾನು ಓದಿದುದು ಎಷ್ಟೋ ವರ್ಷಗಳ ಮೇಲೆ. ಜಗತ್ತಿನಲ್ಲಿ ಅತ್ಯಧಿಕ ಸಂಖ್ಯೆಯಲ್ಲಿ ಅಚ್ಚಾದ ನಾಯಿಯ ಚಿತ್ರಗಳಲ್ಲಿ ಒಂದಾದ ಅದರ ನಾಯಕನು ಬೆರಕೆ ನಾಯಿ. ನನ್ನ ಸಂಗ್ರಹದಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಕುಲವಿಲ್ಲದುದನ್ನು ನಾನು ಸೇರಿಸುತ್ತಿರಲಿಲ್ಲ.

1958ರಲ್ಲಿ, ಹದಿನೆಂಟು ತುಂಬಿದಾಗ, ಬೆಂಗಳೂರು ದಂಡಿನ ಒಂದು ಹರಾಜು ಅಂಗಡಿಯಲ್ಲಿ ತಿಂಗಳಿಗೆ ಅರುವತ್ತು ರೂಪಾಯಿ ಸಂಬಳದ ಗುಮಾಸ್ತನಾಗಿ ಸೇರಿದೆನು. ಆಂಗ್ಲರು ರಾಜ್ಯವನ್ನು ಬಿಟ್ಟು ಹನ್ನೊಂದು ವರ್ಷಗಳಾಗಿದ್ದರೂ ಅವರ ಸಾಮಾನುಗಳು ಇನ್ನೂ ಹೊರಡುತ್ತಲೇ ಇದ್ದುವು. ಕೋಲಾರದ ಚಿನ್ನದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಬಂದ ಮೇಲೆ ಅಲ್ಲಿನ ಬಂಗಲೆಗಳು ಒಂದೊಂದಾಗಿ ಬರಿದಾದುವು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ದೊರೆಗಳು ತೋಟಗಳನ್ನು ಮಾರಿ ಹಡಗು ಹತ್ತುವ ಮುನ್ನ ನಮ್ಮ ಯಜಮಾನರಿಗೆ ಕಾಗದ ಬರೆಯುತ್ತಿದ್ದರು. ನಾನು ಲಾರಿಯೊಡನೆ ಹೋಗಿ, ಪ್ರತಿಯೊಂದು ಕೋಣೆಯ ಸಾಮಾನಿಗೂ ಪಟ್ಟಿ ಬರೆದು, ಚೀಟಿ ಅಂಟಿಸಿ ತರುವುದು ಪದ್ಧತಿ. ಬೀಟೆಮರದ ಮೇಜು, ಪಿಯಾನೋ, ಬೆಳ್ಳಿಯ ಚಹಾಪಾತ್ರೆ, ಹುಲಿಯ ತಲೆ ಇವುಗಳಿಗೆಲ್ಲ ಗಿರಾಕಿಗಳಿದ್ದರು. ಊಟದ ಮನೆಯ ಗೋಡೆಯ ಮೇಲೆ ತಪ್ಪದೆ ತೂಗುತ್ತಿದ್ದ ನಾಯಿಯ ಚಿತ್ರಗಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲವಾದುದರಿಂದ, ಅವನ್ನು ನಾಲ್ಕಾರು ಸೇರಿಸಿ ಹಗ್ಗದಲ್ಲಿ ಕಟ್ಟಿ, ದಿನದ ಕೊನೆಯಲ್ಲಿ ಒಂದೇ ಸವಾಲಿಗೆ ಕೂಗಿಬಿಡುತ್ತಿದ್ದರು. ಕೊಂಡವರು ಚೌಕಟ್ಟಿನ ಮರವನ್ನಿಟ್ಟುಕೊಂಡು ಒಳಗಿನ ಕಾಗದವನ್ನು ಅಲ್ಲಿಯೇ ಬಿಸಾಡಿ ಹೋಗುತ್ತಿದ್ದರು. ನನ್ನ ಸಂಗ್ರಹವು ಆರಂಭವಾದುದು ಹೀಗೆ, ನೆಲದ ಮೇಲಿನಿಂದ ಆಯ್ದುಕೊಂಡು.

ಆ ಕಾಗದವನ್ನು ಓದುವುದನ್ನು ನನಗೆ ಕಲಿಸಿದವರು ಶಿವಾಜಿನಗರದ ಒಂದು ಓಣಿಯಲ್ಲಿ ಚೌಕಟ್ಟು ಕಟ್ಟುತ್ತಿದ್ದ ವೃದ್ಧ ಸಾಹೇಬರು. ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ಅವರು, ಕಣ್ಣು ಮುಚ್ಚಿ ಚಿತ್ರದ ಅಂಚಿನ ಮೇಲೆ ಹೆಬ್ಬೆರಳಾಡಿಸಿ, "ಇಲ್ಲಿ ಹಳ್ಳ ಇದೆ ನೋಡು ಬೇಟಾ, ತಗಡು ಒತ್ತಿದ ಹಳ್ಳ, ಇದು ಅಸಲು" ಎನ್ನುತ್ತಿದ್ದರು. ಲೋಹದ ತಗಡಿನಿಂದ ತೆಗೆದ ಚಿತ್ರಕ್ಕೆ, ಯಂತ್ರವು ಒತ್ತಿದ ಭಾರದಿಂದ, ಸುತ್ತಲೂ ಒಂದು ಮೆಟ್ಟಿಲಿನಂಥ ಗುರುತು ಬೀಳುವುದು. ಮಸಿಯು ಕಾಗದದ ಮೇಲೆ ಕೂದಲೆಳೆಯಷ್ಟು ಎದ್ದು ನಿಲ್ಲುವುದು. ಗಡಿಯಾರ ರಿಪೇರಿಯವರ ಭೂತಗನ್ನಡಿಯಿಂದ ನೋಡಿದಾಗ ಗೆರೆಗಳಿಗೆ ಬದಲಾಗಿ ಸಾಲುಸಾಲಾದ ಚುಕ್ಕೆಗಳು ಕಂಡುಬಂದರೆ ಅದು ಮುಂದಿನ ಕಾಲದ ಫೋಟೋ ಬ್ಲಾಕಿನ ನಕಲು. ಈ ವಿದ್ಯೆಯೊಡನೆ ನಾನು ಮೊದಲು ಗುರುತಿಸಿದ ಚಿತ್ರವು ಎಡ್ವಿನ್ ಲ್ಯಾಂಡ್ಸೀರನ 1839ರ ಕೃತಿಯ ಕೆತ್ತನೆ: ಒಂದೇ ಗೂಡಿನ ಬಾಗಿಲಿನಿಂದ ಹೊರಗಿಣುಕುತ್ತಿರುವ ಗ್ರಾಫ್ಟನ್ ಎಂಬ ಭಾರಿ ಬ್ಲಡ್‌ಹೌಂಡ್, ಪಕ್ಕದಲ್ಲಿ ಸ್ಕ್ರಾಚ್ ಎಂಬ ಪುಟ್ಟ ಬಿಳಿಯ ಟೆರಿಯರ್. ದೊಡ್ಡದು ಧರ್ಮಾಧಿಕಾರಿಯಂತೆ ಮುಂಗಾಲನ್ನು ಹೊರಗೆ ಚಾಚಿ ಎಲ್ಲಿಯೋ ನೋಡುತ್ತಿರುವುದು. ಚಿಕ್ಕದು ತಾನೇ ಮನೆಯ ಯಜಮಾನನೆಂಬಂತೆ ಕತ್ತು ನೀಡಿರುವುದು. ನಮ್ಮ ಅಂಗಡಿಯಲ್ಲಿ ಯಜಮಾನರೂ ಹರಾಜು ಕೂಗುವವನೂ ಪಕ್ಕಪಕ್ಕದಲ್ಲಿ ನಿಂತಾಗ ನನಗೆ ಆ ಚಿತ್ರದ ನೆನಪಾಗಿ ನಗು ತಡೆಯಲಾಗುತ್ತಿರಲಿಲ್ಲ. ಲ್ಯಾಂಡ್ಸೀರನ ಚಿತ್ರಗಳನ್ನು ಅವನ ಅಣ್ಣನಾದ ಥಾಮಸನೇ ಅನೇಕ ವೇಳೆ ಕೆತ್ತುತ್ತಿದ್ದನು. ತಾಮ್ರವು ಬೇಗ ಸವೆಯುವುದು, ಉಕ್ಕು ಸಾವಿರಗಟ್ಟಲೆ ಅಚ್ಚುಗಳಿಗೂ ಬಗ್ಗದು. ಆದಕಾರಣವೇ ಲಂಡನ್ನಿನ ಆ ನಾಯಿಗಳು ಕೋಲಾರದ ಗಣಿಯ ಬಂಗಲೆಗಳವರೆಗೆ ನಡೆದು ಬಂದುವು.

ಇಲ್ಲಿಯವರೆಗೆ ಬರೆದುದೆಲ್ಲ ಸಂತೋಷದ ಮಾತು. ಮುಂದಿನದನ್ನು ನಾನು ಬಹಳ ಕಾಲ ಯಾರಿಗೂ ಹೇಳಿರಲಿಲ್ಲ.

ವೈಟ್‌ಫೀಲ್ಡ್ ಎಂದೊಡನೆ ಇಂದಿನವರ ಕಣ್ಣಿಗೆ ಗಾಜಿನ ಕಟ್ಟಡಗಳೂ ಮೆಟ್ರೋ ರೈಲೂ ಕಾಣಬಹುದು. 1961ರಲ್ಲಿ ಅದು ರೈಲುನಿಲ್ದಾಣದಿಂದಾಚೆಗೆ ಮಾವಿನ ತೋಪುಗಳ ನಡುವೆ ಕೆಂಪು ಹೆಂಚಿನ ಕೆಲವು ಮನೆಗಳಿದ್ದ, 1882ರಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ಸ್ಥಾಪಿತವಾದ ನಿಶ್ಶಬ್ದವಾದ ವಸತಿ. ಅಲ್ಲಿ ಒಂಟಿಯಾಗಿದ್ದ ಎಪ್ಪತ್ತು ದಾಟಿದ ಮಿಸ್ಸಮ್ಮನೊಬ್ಬರು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ನೆಲೆಸಿದ್ದ ತಂಗಿಯ ಮಗಳ ಬಳಿಗೆ ಹೊರಟಿದ್ದರು. ಅವರ ಮನೆಯ ಪಟ್ಟಿ ಬರೆಯಲು ನನ್ನನ್ನು ಕಳುಹಿಸಿದರು. ದಂಡಿನವರ ವಾಡಿಕೆಯಂತೆ ನನ್ನನ್ನು "ತಂಬಿ" ಎಂದು ಕರೆಯುತ್ತ, ಕನ್ನಡ ತಮಿಳು ಇಂಗ್ಲಿಷುಗಳನ್ನು ಒಂದೇ ಬಟ್ಟಲಿನಲ್ಲಿ ಕಲಸಿದಂತೆ ಮಾತನಾಡುತ್ತಿದ್ದ ಆಕೆ, ಮಲಗುವ ಕೋಣೆಯ ಗೋಡೆಯಿಂದ ತಾವೇ ಇಳಿಸಿ ತಂದು ನನ್ನ ಕೈಯಲ್ಲಿಟ್ಟುದು ಒಂದು ಉಣ್ಣೆಯ ನಾಯಿ.

ಅದು ಬರ್ಲಿನ್ ಕಸೂತಿಯೆಂದು ಹೆಸರಾದ ಕೆಲಸ. ಚೌಕುಳಿಯ ಕಾಗದದ ಮೇಲೆ ಒಂದೊಂದು ಮನೆಗೂ ಕೈಯಿಂದ ಬಣ್ಣ ತುಂಬಿದ ನಮೂನೆಗಳು ಬರ್ಲಿನ್ ನಗರದಿಂದ ಹೊರಟು ಇಂಗ್ಲೆಂಡಿನ ಮನೆಮನೆಗಳನ್ನು ಸೇರುತ್ತಿದ್ದುವು. ಕಾಗದದ ಒಂದು ಮನೆಗೆ ಬಟ್ಟೆಯ ಮೇಲೆ ಒಂದು ಹೊಲಿಗೆ, ನಮ್ಮ ಹೆಣ್ಣುಮಕ್ಕಳು ಚುಕ್ಕಿ ಎಣಿಸಿ ರಂಗೋಲಿಯಿಡುವಂತೆ. ಲ್ಯಾಂಡ್ಸೀರನ ಚಿತ್ರಗಳೂ ಈ ನಮೂನೆಗಳಾಗಿ, ರಾಣಿ ವಿಕ್ಟೋರಿಯಳ ಮೆಚ್ಚಿನ ಸ್ಪ್ಯಾನಿಯಲ್ ನಾಯಿ ಸಾವಿರಾರು ದಿಂಬುಗಳ ಮೇಲೆ ಮಲಗಿದ್ದಿತು. ನನ್ನ ಕೈಯಲ್ಲಿದ್ದುದೂ ಸ್ಪ್ಯಾನಿಯಲ್ಲೇ. ಕುಚ್ಚು ಕಟ್ಟಿದ ಮೆತ್ತೆಯ ಮೇಲೆ ಒರಗಿದ್ದ ಅದರ ಕಿವಿ ಮತ್ತು ಎದೆಯ ಭಾಗದಲ್ಲಿ ಉಣ್ಣೆಯನ್ನು ಕುಣಿಕೆಕುಣಿಕೆಯಾಗಿ ಎತ್ತಿ ಹೊಲಿದು ಆಮೇಲೆ ಕತ್ತರಿಯಿಂದ ಸವರಿದ್ದುದರಿಂದ, ಬೆರಳಿಟ್ಟರೆ ನಿಜವಾದ ತುಪ್ಪುಳದಂತೆ ಬಾಗುತ್ತಿದ್ದಿತು. ಕಣ್ಣಿಗೆ ಎರಡು ಕಪ್ಪು ಗಾಜಿನ ಮಣಿ. ಮುಂಭಾಗದ ಬಣ್ಣವೆಲ್ಲ ಬಿಸಿಲಿಗೆ ಮಾಸಿ ಹುಲ್ಲಿನ ಬಣ್ಣಕ್ಕೆ ತಿರುಗಿದ್ದಿತು. ಚೌಕಟ್ಟಿನ ಹಿಂದಿನ ಕಾಗದವನ್ನು ಬಿಚ್ಚಿ ತಿರುಗಿಸಿ ನೋಡಿದಾಗ ನನಗೆ ದಿಗ್ಭ್ರಮೆಯಾಯಿತು. ಬೆನ್ನಿನ ಕಡೆ ಬೆಳಕು ತಾಕದುದರಿಂದ, ಮೆತ್ತೆಯು ಕಡುನೇರಳೆ, ಕುಚ್ಚುಗಳು ಅರಿಸಿನ, ನೆಲವು ಗಿಳಿಹಸಿರು. ನಿನ್ನೆ ಸಂಜೆ ಸೂಜಿ ಇಳಿಸಿಟ್ಟಂತೆ. ವಿಲಿಯಂ ಪರ್ಕಿನ್ ಎಂಬ ಹುಡುಗನು 1856ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ಕಲ್ಲಿದ್ದಲಿನ ಟಾರಿನಿಂದ ಕೃತಕವಾದ ನೇರಳೆ ಬಣ್ಣವನ್ನು ತೆಗೆದ ಮೇಲೆ ಬಂದ ಉಗ್ರವರ್ಣಗಳವು. ಮೂಲೆಯಲ್ಲಿ ಇ. ಎಂ. ಎಂಬ ಎರಡು ಇಂಗ್ಲಿಷ್ ಅಕ್ಷರಗಳೂ 1861 ಎಂಬ ಇಸವಿಯೂ ಇದ್ದುವು. ಮದರಾಸಿನಲ್ಲಿ ತಮ್ಮಜ್ಜಿ ಹೊಲಿದುದು, ಉಣ್ಣೆ ಹಡಗಿನಲ್ಲಿ ಬಂದುದು, ನೂರು ವರ್ಷವಾಯಿತು ಎಂದು ಆಕೆ ಹೇಳಿದರು.

"ಇದಕ್ಕೆ ಏನಾದ್ರೂ ಬರುತ್ತಾ, ತಂಬಿ?"

ಒಂದು ಮೂಲೆಯಲ್ಲಿ ಎರಡು ಬೆರಳಗಲ ಜಾಗವನ್ನು ನುಸಿ ತಿಂದಿದ್ದಿತು. ನಾನು ಆ ಮೂಲೆಯನ್ನೇ ತೋರಿಸಿ, "ಹುಳ ಬಿದ್ದಿದೆ ಮಿಸ್ಸಮ್ಮ, ಯಾರೂ ಕೇಳೋದಿಲ್ಲ" ಎಂದೆನು. ಕೇಳುವವರು ಇದ್ದರು. ಅದೇ ತಿಂಗಳು ಇದಕ್ಕಿಂತ ಒರಟಾದ ಒಂದು ಕಸೂತಿಯನ್ನು ಮುಂಬಯಿಯ ವ್ಯಾಪಾರಿಯೊಬ್ಬನು ನೂರ ನಲವತ್ತು ರೂಪಾಯಿಗಳಿಗೆ ಕೊಂಡೊಯ್ದುದನ್ನು ನನ್ನ ಕೈಯಾರೆ ಲೆಕ್ಕದ ಪುಸ್ತಕದಲ್ಲಿ ಬರೆದಿದ್ದೆನು. ಪಟ್ಟಿಯಲ್ಲಿ ಅದನ್ನು ಸೇರಿಸದೆ, ಯಜಮಾನರಿಗೂ ತಿಳಿಸದೆ, ಏಳು ರೂಪಾಯಿಗಳನ್ನು ಆಕೆಯ ಕೈಯಲ್ಲಿಟ್ಟೆನು. ಆಕೆ ಎಣಿಸಲಿಲ್ಲ. ಎರಡು ತುಂಡು ಕೇಕನ್ನು ಕಾಗದದಲ್ಲಿ ಸುತ್ತಿ, ರೈಲಿನಲ್ಲಿ ತಿನ್ನು ಎಂದು ಕೊಟ್ಟರು. ತಿಂದೆನು. ಆಗ ನನಗೆ ಯಾವ ಸಂಕಟವೂ ಆಗಲಿಲ್ಲವೆಂಬುದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಗೆದ್ದೆನೆಂಬ ಉಲ್ಲಾಸವೇ ತುಂಬಿದ್ದಿತು.

ಮುಂದೆ ಸರ್ಕಾರಿ ನೌಕರಿ, ಮದುವೆ, ಮಕ್ಕಳು. ಸಂಗ್ರಹವು ಬೆಳೆಯುತ್ತಲೇ ಹೋಯಿತು. 1978ರಲ್ಲಿ ಕಚೇರಿಯ ಕೆಲಸದ ಮೇಲೆ ಒಂದು ತಿಂಗಳು ಲಂಡನ್ನಿಗೆ ಹೋಗುವ ಯೋಗ ಬಂದಾಗ, ಶುಕ್ರವಾರದ ನಸುಕಿನಲ್ಲಿ ಕೈದೀಪ ಹಿಡಿದು ಬರ್ಮಂಡ್ಸಿಯ ಹಳೆಯ ಸಾಮಾನಿನ ಸಂತೆಗೆ ಹೋಗಿ, ಕವೆಂಟ್ರಿಯ ಥಾಮಸ್ ಸ್ಟೀವನ್ಸನ ಕಾರ್ಖಾನೆಯಲ್ಲಿ ನೇಯ್ದ ರೇಷ್ಮೆಯ ಚಿತ್ರವೊಂದನ್ನು ಕೊಂಡೆನು: ನರಿಯ ಬೇಟೆಗೆ ಹೊರಟ ಸವಾರರು, ಕುದುರೆಗಳ ಕಾಲ ಬಳಿ ಬೇಟೆನಾಯಿಗಳ ಹಿಂಡು, ಎಲ್ಲವೂ ಅಂಗೈಯಗಲದ ಪಟ್ಟಿಯಲ್ಲಿ. 1860ರಲ್ಲಿ ಫ್ರಾನ್ಸಿನ ರಿಬ್ಬನ್ನಿನ ಮೇಲಿನ ಸುಂಕವನ್ನು ತೆಗೆದುಹಾಕಿದುದರಿಂದ ಕವೆಂಟ್ರಿಯ ನೇಕಾರರು ಬೀದಿಪಾಲಾದಾಗ, ಸ್ಟೀವನ್ಸನು ಅದೇ ಜಕಾರ್ಡ್ ಮಗ್ಗಗಳಲ್ಲಿ ಪುಸ್ತಕದ ನಡುವಿಡುವ ಪಟ್ಟಿಗಳನ್ನೂ, 1879ರಿಂದ ಇಂತಹ ಚಿತ್ರಗಳನ್ನೂ ನೇಯಿಸಿದನು. ತೂತು ಕೊರೆದ ರಟ್ಟುಗಳ ಮಾಲೆಯು ಮಗ್ಗದ ಮೇಲೆ ಸರಿಯುವ ಆ ಯಂತ್ರವನ್ನು ನಮ್ಮ ಕಬ್ಬನ್‌ಪೇಟೆಯ ನೇಕಾರರ ಮನೆಗಳಲ್ಲಿ ನಾನು ಎಷ್ಟೋ ಸಲ ನೋಡಿದ್ದೆನಾದುದರಿಂದ, ಆ ಸಂತೆಯಲ್ಲಿ ನನಗೆ ಪರಿಚಿತವೆನಿಸಿದ ವಸ್ತು ಅದೊಂದೇ.

ಈ ಚಿತ್ರಗಳು ಇದ್ದ ನಾಯಿಗಳನ್ನು ನೋಡಿ ಬರೆದವು ಎಂದೇ ನಾನು ಬಹುಕಾಲ ನಂಬಿದ್ದೆನು. ಅಷ್ಟೇ ಆಗಿದ್ದರೆ ಒಳ್ಳೆಯದಿತ್ತು. ಏಬ್ರಹಾಂ ಕೂಪರನು ಬರೆದು ಜಾನ್ ಸ್ಕಾಟನು ಕೆತ್ತಿ 1817ರಲ್ಲಿ ಹೊರಬಂದ, ಕ್ರಿಬ್ ಮತ್ತು ರೋಸಾ ಎಂಬ ಎರಡು ಬುಲ್‌ಡಾಗುಗಳ ಅಚ್ಚುಚಿತ್ರವೊಂದುಂಟು. ಆಗ ಗೂಳಿಯ ಮೇಲೆ ನಾಯಿಯನ್ನು ಬಿಡುವ ಕ್ರೂರವಾದ ಆಟವು ಇನ್ನೂ ನಡೆಯುತ್ತಿದ್ದು, ಆ ನಾಯಿಗಳು ಓಡಬಲ್ಲ, ಹಾರಬಲ್ಲ ಪ್ರಾಣಿಗಳಾಗಿದ್ದುವು. 1835ರ ಕಾನೂನು ಆ ಆಟವನ್ನು ನಿಷೇಧಿಸಿತು. ಕಸುಬು ಕಳೆದುಕೊಂಡ ನಾಯಿಗೆ ಸೌಂದರ್ಯವೇ ಕಸುಬಾಯಿತು: 1859ರಲ್ಲಿ ನ್ಯೂಕಾಸಲ್ ನಗರದಲ್ಲಿ ಬೇಟೆನಾಯಿಗಳ ಪ್ರದರ್ಶನ, 1873ರಲ್ಲಿ ಕೆನಲ್ ಕ್ಲಬ್ಬಿನ ಸ್ಥಾಪನೆ, ಕಿವಿ ಹೀಗಿರಬೇಕು, ಮೂಗು ಇಷ್ಟಿರಬೇಕು ಎಂಬ ಲಕ್ಷಣಗ್ರಂಥಗಳು. ಬುಲ್‌ಡಾಗಿನ ಲಕ್ಷಣವನ್ನು ವಿಧಿಸಿದವರು ಆದರ್ಶವಾಗಿ ಹೆಸರಿಸಿದುದು ಬದುಕಿದ್ದ ಯಾವ ನಾಯಿಯನ್ನೂ ಅಲ್ಲ. ಎಂದೋ ಸತ್ತು ಮಣ್ಣಾಗಿದ್ದ ರೋಸಾಳನ್ನು, ಅದೂ ಚಿತ್ರದಲ್ಲಿದ್ದ ರೋಸಾಳನ್ನು. ಕಾಗದದ ನಾಯಿ ಮುಂದಾಗಿ, ಮಾಂಸದ ನಾಯಿ ಅದರ ಹಿಂದೆ ನಡೆಯಿತು. ನಡೆಯುತ್ತ ನಡೆಯುತ್ತ ಅದನ್ನೂ ದಾಟಿ, ಮೂಗು ಮುಖದೊಳಗೆ ಹುಗಿದುಹೋಗುವವರೆಗೆ ಹೋಯಿತು. ನಮ್ಮ ಲಿಫ್ಟಿನಲ್ಲಿ ನಾನು ಕೇಳಿದ ಗೊರಗೊರವು ಅದೇ ದಾರಿಯ ಸದ್ದು.

ಇನ್ನೊಂದು ಚಿತ್ರವನ್ನು ನಾನು ಅಂದು ಪೆಟ್ಟಿಗೆಯಲ್ಲಿ ಬಹಳ ಹೊತ್ತು ನೋಡಿದೆನು. ಅಚ್ಚುಚಿತ್ರವಲ್ಲ, ಗಣಿಯ ಬಂಗಲೆಯೊಂದರ ಫೋಟೋ. ನಾಲ್ಕು ಫಾಕ್ಸ್ ಟೆರಿಯರ್‌ಗಳು ಸಾಲಾಗಿ ಕುಳಿತಿರುವುವು, ಕೆಳಗೆ ಬಿಳಿಯ ಮಸಿಯಲ್ಲಿ ನಾಲ್ಕರ ಹೆಸರುಗಳು, ತಾಯಿತಂದೆಗಳ ಹೆಸರುಗಳು. ನಾಲ್ಕು ಪಟ್ಟಿಗಳನ್ನೂ ಒಂದೇ ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ನಿಂತಿರುವ ಮನುಷ್ಯನಿಗೆ ಹೆಸರಿಲ್ಲ. ಅದನ್ನು ಕೊಂಡಾಗ ನಾನು ಆ ನಾಯಿಗಳ ವಂಶಾವಳಿಯನ್ನು ಹುಡುಕಲು ಹೊರಟಿದ್ದೆನೇ ಹೊರತು, ಆತನು ಯಾರೆಂದು ಕೇಳಬೇಕೆಂದು ತೋರಲಿಲ್ಲ. ಜಾತಿಯ ಕಟ್ಟಳೆಯನ್ನು ಹೊಸ್ತಿಲಲ್ಲಿ ಕಂಡು ಬೆಳೆದ ನನಗೆ ಈ ಲಕ್ಷಣಶಾಸ್ತ್ರವು ಇಷ್ಟೊಂದು ಹಿಡಿಸಿದುದೇಕೆ ಎಂಬ ಪ್ರಶ್ನೆಗೆ ಉತ್ತರವು ನನಗೆ ತಿಳಿಯದುದಲ್ಲ.

ಇದರ ನಡುವೆ ನಗೆಪಾಟಲಿನ ಸಂಗತಿಯೊಂದಿದೆ. ನಮ್ಮ ಹಳ್ಳಿಗೆ ಎತ್ತಿನ ಗಾಡಿಯ ದಾರಿಯಷ್ಟು ದೂರದ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲೊಂದನ್ನು ನಾನು ನೋಡಿದುದು ನಿವೃತ್ತನಾದ ಮೇಲೆ. ತಕ್ಕೋಲದ ಯುದ್ಧದಲ್ಲಿ ತನ್ನ ಶೌರ್ಯಕ್ಕೆ ಮೆಚ್ಚಿದ ಗಂಗರ ಬೂತುಗನು, ಬೇಕಾದುದನ್ನು ಕೇಳೆಂದಾಗ, ಮಣಲೇರನೆಂಬ ವೀರನು ಊರನ್ನೋ ಹೊನ್ನನ್ನೋ ಮುಂದಿಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಬೇಳತೂರಿನ ಬೆಟ್ಟದ ಬಳಿ ಕಾಳಿಯೂ ಒಂದು ದೊಡ್ಡ ಹಂದಿಯೂ ಹೋರಾಡಿ ಎರಡೂ ಸತ್ತುವು. ಮಣಲೇರನು ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವೆಂದು ಬರೆಸಿದನು. ಮೇಲೆ ನಾಯಿ ಹಂದಿಗಳ ಕಾಳಗದ ಚಿತ್ರವನ್ನು ಕೆತ್ತಿರುವರು. ಆ ಕಲ್ಲಿನಲ್ಲಿ ಕಾಳಿಯ ತಾಯಿತಂದೆಗಳ ಪ್ರಸ್ತಾಪವಿಲ್ಲ. ಮಾಡಿದ ಕೆಲಸ ಮತ್ತು ಹೆಸರು, ಅಷ್ಟೇ. ಹರಾಜು ಅಂಗಡಿಯಿಂದ ಕಾಲುನಡಿಗೆಯಲ್ಲಿ ಹೋಗಬಹುದಾಗಿದ್ದ ಆ ಕಟ್ಟಡದ ಮುಂದೆ ನಾನು ನೂರಾರು ಸಲ ಸೈಕಲ್ಲಿನಲ್ಲಿ ಹಾದುಹೋಗಿದ್ದೆನು, ಹಿಂದಿನ ಕ್ಯಾರಿಯರಿಗೆ ಲ್ಯಾಂಡ್ಸೀರನನ್ನು ಕಟ್ಟಿಕೊಂಡು.

ಅಚ್ಚುಚಿತ್ರಗಳನ್ನು ಏನು ಮಾಡಬೇಕೆಂಬುದನ್ನು ಮಕ್ಕಳು ಗೊತ್ತುಮಾಡಿಕೊಳ್ಳಲಿ. ಉಣ್ಣೆಯ ನಾಯಿಯ ವಿಷಯದಲ್ಲಿ ಮಾತ್ರ ನನ್ನದೊಂದು ಬಿನ್ನಹವಿದೆ. ವೈಟ್‌ಫೀಲ್ಡಿನ ಒಂದು ಕೆಂಪು ಹೆಂಚಿನ ಮನೆಯಿಂದ 1961ನೆಯ ಇಸವಿಯ ಸುಮಾರಿನಲ್ಲಿ ಪರ್ತ್ ನಗರಕ್ಕೆ ಹೋದ, ಮದುವೆಯಾಗದ, ಎಡಗೈಯಿಂದ ಬರೆಯುತ್ತಿದ್ದ ಮಿಸ್ಸಮ್ಮನೊಬ್ಬರ ಬಂಧುಗಳನ್ನು ಬಲ್ಲವರು ಈ ಪತ್ರಿಕೆಯ ಮುಖಾಂತರ ನನಗೆ ತಿಳಿಸಬೇಕಾಗಿ ಕೇಳಿಕೊಳ್ಳುತ್ತೇನೆ. ಕಸೂತಿಯ ಮೂಲೆಯಲ್ಲಿ ಇ. ಎಂ., 1861 ಎಂದಿದೆ. ನುಸಿ ತಿಂದ ಜಾಗವು ಅಂದಿನಷ್ಟೇ ಇದೆ, ಬೆಳೆಯಗೊಟ್ಟಿಲ್ಲ.